ಭೂ ಅಭಿವೃದ್ಧಿಯ ಪರಿಸರ ನಷ್ಟಕ್ಕೆ ಪರಿಹಾರ: ಬೇರೆ ಬೇರೆ ದೇಶಗಳ ನೀತಿಗಳನ್ನು ನಾನು ಹೋಲಿಸುವ ಬಗೆ

ಪೀಠಿಕೆ ಓದಿದರೆ ಎಲ್ಲ ದೇಶಗಳ ನೀತಿಯೂ ಒಂದೇ ಥರ ಕಾಣುತ್ತದೆ: ಮೊದಲು ಹಾನಿ ತಪ್ಪಿಸಿ, ಆಗದಿದ್ದರೆ ತಗ್ಗಿಸಿ, ಉಳಿದದ್ದಕ್ಕೆ ಪರಿಹಾರ ಕೊಡಿ. ಅದಕ್ಕೇ ನಾನು 10 ಹೆಕ್ಟೇರ್‌ನ ಒಂದು ಕಾಲ್ಪನಿಕ ಯೋಜನೆ ಹಿಡಿದು ಪ್ರತಿ ದೇಶದ ನಿಯಮದಲ್ಲೂ ಲೆಕ್ಕ ಹಾಕಿ ಒಂದು ಕೋಷ್ಟಕದಲ್ಲಿ ಬರೆಯುತ್ತೇನೆ.

ಮೊದಲ ಪ್ರಶ್ನೆ: ಯಾವ ನೆಲ ಲೆಕ್ಕಕ್ಕೆ ಬರುತ್ತದೆ? ಅಮೆರಿಕದ ಶುದ್ಧ ನೀರು ಕಾಯ್ದೆಯ 404ನೇ ಸೆಕ್ಷನ್ ಜೌಗು ಪ್ರದೇಶ ಮತ್ತು ಜಲಮೂಲಗಳಿಗೆ ಸೀಮಿತ. ಜರ್ಮನಿಯಲ್ಲಿ 1976ರ ನಿಸರ್ಗ ಸಂರಕ್ಷಣಾ ಕಾನೂನಿನಿಂದ ಬಂದ ನಿಯಮ ಪ್ರಕೃತಿಯ ಜೊತೆಗೆ ಭೂದೃಶ್ಯವನ್ನೂ ಒಳಗೊಳ್ಳುತ್ತದೆ. ಭಾರತದ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಪರಿಹಾರ ಅರಣ್ಯೀಕರಣ (ಹೋದ ಕಾಡಿನ ಬದಲು ಬೇರೆಡೆ ಗಿಡ ನೆಡುವುದು) ಇರುವುದು ಅರಣ್ಯಕ್ಕೆ. ಅರಣ್ಯವೆಂದು ಗುರುತಾಗದ ಹುಲ್ಲುಗಾವಲು ಹೋದರೆ ಈ ಕಾಯ್ದೆಯಡಿ ಪರಿಹಾರವಿಲ್ಲ. ಅದೇ ಹುಲ್ಲುಗಾವಲನ್ನು ಗಿಡ ನೆಡಲು ಖಾಲಿ ಜಾಗವೆಂದು ಆರಿಸಿದರೆ ಎರಡನೇ ನಷ್ಟ. ಇದನ್ನು ಕೋಷ್ಟಕದಲ್ಲಿ ಬೇರೆಯಾಗಿಯೇ ಬರೆಯಬೇಕು.

ಆಮೇಲೆ ಅಳತೆ. ಭಾರತದಲ್ಲಿ 10 ಹೆಕ್ಟೇರ್ ಕಾಡಿಗೆ ಸಾಮಾನ್ಯವಾಗಿ ಅಷ್ಟೇ ಅರಣ್ಯೇತರ ಜಮೀನು, ಕೆಲವು ಪ್ರಕರಣಗಳಲ್ಲಿ ಎರಡು ಪಟ್ಟು ಶಿಥಿಲ ಅರಣ್ಯ. ಕಾಡಿನ ಗುಣಮಟ್ಟ ತೋರುವುದು ವಿಸ್ತೀರ್ಣದಲ್ಲಲ್ಲ, ಎನ್‌ಪಿವಿ ಹಣದಲ್ಲಿ (ಹೋಗುವ ಕಾಡಿನ ನಿವ್ವಳ ಪ್ರಸ್ತುತ ಮೌಲ್ಯವೆಂದು ಕಟ್ಟಿಸಿಕೊಳ್ಳುವ ಮೊತ್ತ). ಇಂಗ್ಲೆಂಡ್‌ನಲ್ಲಿ ಅಳೆಯುವುದು ಜೀವವೈವಿಧ್ಯದ ಯೂನಿಟ್‌ಗಳಲ್ಲಿ. ಆವಾಸಸ್ಥಾನದ ವೈಶಿಷ್ಟ್ಯ ಮಧ್ಯಮವಾದರೆ 4 ಅಂಕ, ಸ್ಥಿತಿ ಮಧ್ಯಮವಾದರೆ 2: 10 × 4 × 2 = 80 ಯೂನಿಟ್. ಶೇ. 10 ಹೆಚ್ಚುವರಿ ಸೇರಿ 88 ತೋರಿಸಬೇಕು, 30 ವರ್ಷ ಕಾಪಾಡಬೇಕು. ಯೂನಿಟ್ಟನ್ನು ಹೆಕ್ಟೇರ್ ಪಕ್ಕ ಇಟ್ಟು ನೇರವಾಗಿ ಹೋಲಿಸಿದರೆ ಲೆಕ್ಕ ಕೆಡುತ್ತದೆ.

ನಾನು ಹೆಚ್ಚು ಹೊತ್ತು ಕೊಡುವುದು ಆಧಾರರೇಖೆಗೆ, ಅಂದರೆ ಪರಿಹಾರ ಕ್ರಮ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಅಂದಾಜಿಗೆ. ಆಸ್ಟ್ರೇಲಿಯಾದ 2012ರ ನೀತಿಯಲ್ಲಿ, ಈಗಾಗಲೇ ಇರುವ ಕಾಡನ್ನು ರಕ್ಷಿಸಿದರೂ ಅದನ್ನು ಪರಿಹಾರದ ಲಾಭವೆಂದು ಎಣಿಸಬಹುದು. ಸರಳವಾಗಿ ಹೇಳುವುದಾದರೆ, 100 ಹೆಕ್ಟೇರ್ ನಾಶವಾಗುವ ಸಾಧ್ಯತೆ 20 ವರ್ಷಗಳಲ್ಲಿ ಶೇ. 30 ಇದ್ದು, ರಕ್ಷಣೆಯಿಂದ ಶೇ. 10ಕ್ಕೆ ಇಳಿದರೆ 20 ಹೆಕ್ಟೇರ್ ಉಳಿತಾಯ. ನಿಜವಾದ ಅಪಾಯ ಶೇ. 12 ಮಾತ್ರವಾಗಿದ್ದರೆ? ಉಳಿತಾಯ 2 ಹೆಕ್ಟೇರ್. ಹೊಸದಾಗಿ ಒಂದು ಗಿಡವೂ ಬೆಳೆದಿರುವುದಿಲ್ಲ, ಕಳೆದುಕೊಂಡ 10 ಹೆಕ್ಟೇರ್ ಮಾತ್ರ ನಿಜ. ಆದ್ದರಿಂದ ಆ ಪ್ರದೇಶದಲ್ಲಿ ಹಿಂದೆ ಕಾಡು ಕಡಿದ ದರವನ್ನು ಹಾಕಿ ಮತ್ತೊಮ್ಮೆ ಲೆಕ್ಕ ಮಾಡಲೇಬೇಕು.

ಕೊನೆಯ ಕಾಲಂ ಹೊಣೆಗಾರಿಕೆ. ಅಮೆರಿಕದ 2008ರ ನಿಯಮ ಮಿಟಿಗೇಷನ್ ಬ್ಯಾಂಕಿಗೆ (ಜೌಗು ಪ್ರದೇಶ ಮತ್ತು ಜಲಮೂಲಗಳನ್ನು ಪುನಶ್ಚೇತನಗೊಳಿಸಿ, ಅದರ ಲೆಕ್ಕವನ್ನು ಕ್ರೆಡಿಟ್ ಆಗಿ ಮಾರುವ ತಾಣ) ಆದ್ಯತೆ ಕೊಡುತ್ತದೆ. ಕ್ರೆಡಿಟ್ ಕೊಂಡರೆ ಹೊಣೆ ಬ್ಯಾಂಕಿಗೆ ದಾಟುತ್ತದೆ. ಫ್ರಾನ್ಸ್‌ನ 2016ರ ಕಾನೂನಿನಲ್ಲಿ ಕೆಲಸ ಯಾರಿಗೆ ವಹಿಸಿದರೂ ಹೊಣೆ ಯೋಜನೆಯವರದ್ದೇ, ಫಲಿತಾಂಶವನ್ನೂ ತೋರಿಸಬೇಕು. ನೆಟ್ಟದ್ದು ಸತ್ತರೆ ಯಾರನ್ನು ಕೇಳಬೇಕೆಂಬುದನ್ನು ಹೆಸರಿಸದ ನೀತಿಗೆ ಈ ಕಾಲಂ ಖಾಲಿ ಬಿಡುತ್ತೇನೆ, ಸರಾಸರಿ ಅಂಕ ಕೊಟ್ಟು ತುಂಬುವುದಿಲ್ಲ.