ಅಕ್ವೇರಿಯಂನ ಸ್ಪಂಜನ್ನು ನಲ್ಲಿಯಡಿ ತೊಳೆಯಬೇಡಿ

ಮನೆಯ ಅಕ್ವೇರಿಯಂನ ನೀರು ಎಷ್ಟೇ ತಿಳಿಯಾಗಿ ಕಂಡರೂ ಅದರಲ್ಲಿ ಮೀನನ್ನು ಕೊಲ್ಲುವಷ್ಟು ಅಮೋನಿಯಾ ಇರಬಹುದಾದ್ದರಿಂದ, ನೀರಿನ ಗುಣವನ್ನು ಕಣ್ಣಳತೆಯಿಂದ ನಿರ್ಧರಿಸಬಾರದು. ಮೀನಿನ ಕಿವಿರುಗಳಿಂದಲೂ ಕೊಳೆತ ಆಹಾರದಿಂದಲೂ ಹೊರಬರುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ಆ ನೈಟ್ರೈಟನ್ನು ಅಷ್ಟೇನೂ ಅಪಾಯಕಾರಿಯಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು.

ಈ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ನೆಲೆಸುವುದು ಫಿಲ್ಟರಿನ ಸ್ಪಂಜಿನಲ್ಲಿ; ಕ್ಲೋರಿನ್ ಇವನ್ನು ಕೊಲ್ಲುತ್ತದೆ. ಕ್ಲೋರಿನ್ ಬೆರೆತ ನಲ್ಲಿ ನೀರಿನಲ್ಲಿ ಸ್ಪಂಜನ್ನು ಉಜ್ಜಿ ತೊಳೆದು, ಶುಚಿಯಾಯಿತೆಂದು ಸಂತೋಷಪಟ್ಟು, ವಾರದೊಳಗೆ ಗಪ್ಪಿ ಮೀನುಗಳನ್ನು ಕಳೆದುಕೊಂಡವರಲ್ಲಿ ನಾನೂ ಒಬ್ಬ. ಆದ್ದರಿಂದ ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಅದನ್ನು ಮೆಲ್ಲಗೆ ಹಿಂಡಿದರೆ ಸಾಕು.

ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗದಷ್ಟು ನೀರನ್ನು ಪೈಪಿನಿಂದ ತಳದ ಕಸದೊಂದಿಗೆ ಹೀರಿ ತೆಗೆದು, ಆಂಟಿ-ಕ್ಲೋರಿನ್ ಹನಿ ಬೆರೆಸಿದ, ತೊಟ್ಟಿಯಷ್ಟೇ ಉಷ್ಣತೆಯ ನೀರನ್ನು ತುಂಬಿಸಿರಿ. ನೀರನ್ನು ಪೂರ್ತಿ ಬದಲಿಸುವ ಅಭ್ಯಾಸ ಮಾತ್ರ ಬೇಡ. ಬೋರ್‌ವೆಲ್ ನೀರು ಬಳಸುವವರು ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) ಪರೀಕ್ಷಿಸುವುದು ಒಳ್ಳೆಯದು, ಏಕೆಂದರೆ ಪಿಎಚ್ ಏರಿದಂತೆ ಅಮೋನಿಯಾದ ವಿಷವೂ ಏರುತ್ತದೆ. ಆರ್‌ಒ ನೀರೊಂದನ್ನೇ ತುಂಬುವುದೂ ಸರಿಯಲ್ಲ. ಅದರಲ್ಲಿ ಮೀನಿಗೆ ಬೇಕಾದ ಖನಿಜಗಳು ಬಹಳ ಕಡಿಮೆ. ಆಹಾರವನ್ನಂತೂ ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಹಾಕಿರಿ.