ಕೀವರ್ಡ್ ಕೇಸನ್ನು ಕೋರ್ಟಿನ ಮುಂದೆ ಇಟ್ಟ ಬಗೆ

ನಾನು ಬೆಂಗಳೂರಿನಲ್ಲಿ ಟ್ರೇಡ್‌ಮಾರ್ಕ್ ಕೇಸು ನಡೆಸುವ ವಕೀಲೆ. ಆನ್‌ಲೈನ್‌ನಲ್ಲಿ ಚಟ್ನಿಪುಡಿ, ಸಾಂಬಾರ್ ಪುಡಿ ಮಾರುವ ಸಣ್ಣ ಕಂಪನಿಯವರು ಒಮ್ಮೆ ಬಂದರು. ಗೂಗಲ್‌ನಲ್ಲಿ ಅವರ ಬ್ರ್ಯಾಂಡ್ ಹೆಸರು ಹುಡುಕಿದರೆ ಮೊದಲು ಬರುತ್ತಿದ್ದದ್ದು ಎದುರಾಳಿಯ ಜಾಹೀರಾತು. ಕೆಲವು ಸಲ ಅದರ ತಲೆಬರಹದಲ್ಲೂ ಇವರದೇ ಹೆಸರು.

ತಲೆಬರಹದಲ್ಲಿ ಹೆಸರಿದ್ದರೆ ಕೇಸು ಸುಲಭ. ತಲೆನೋವು ಕೀವರ್ಡ್‌ನದು. 'ಈ ಹೆಸರು ಹುಡುಕಿದವರಿಗೆ ನನ್ನ ಜಾಹೀರಾತು ತೋರಿಸಿ' ಅಂತ ಗೂಗಲ್‌ಗೆ ದುಡ್ಡು ಕೊಡುವುದು ಗಿರಾಕಿಯ ಕಣ್ಣಿಗೇ ಬೀಳುವುದಿಲ್ಲ. ಕಾಣದ್ದನ್ನು ಬಳಕೆ ಅನ್ನಬಹುದೇ? ನಮ್ಮ ಟ್ರೇಡ್‌ಮಾರ್ಕ್ ಕಾಯ್ದೆ 1999ರದು. ಗೂಗಲ್ ಈ ವ್ಯಾಪಾರ ಶುರು ಮಾಡಿದ್ದೇ 2000ದಲ್ಲಿ!

ಇಂಥ ಕಡೆ 'ಇದು ಹೊಸ ಪ್ರಶ್ನೆ' ಅಂತ ವಾದ ಶುರು ಮಾಡುವುದು ನನಗೆ ಇಷ್ಟವಿಲ್ಲ. ಇಂಜಂಕ್ಷನ್ (ತಡೆಯಾಜ್ಞೆ) ಕೇಳುವಾಗ ಹಾಗಂದರೆ ನ್ಯಾಯಾಧೀಶರು 'ಸರಿ, ಪೂರ್ತಿ ವಿಚಾರಣೆ ಆಗಲಿ' ಅಂದುಬಿಡುತ್ತಾರೆ. ಹಾಗಾಗಿ ಅದೇ ಕಾಯ್ದೆಯ ಹಳೆಯ ಸೆಕ್ಷನ್ 29ರಿಂದಲೇ ಹೊರಟೆ. ಜಾಹೀರಾತಿನಲ್ಲಿ ಬಳಸಿದರೂ ಬಳಕೆಯೇ ಅಂತ ಅದರಲ್ಲಿದೆ. ಆಮೇಲೆ ಸಿಫಿ ಕೇಸು, ಡೊಮೈನ್ ಹೆಸರಿನ, ಅಂದರೆ ವೆಬ್‌ಸೈಟ್ ವಿಳಾಸದ ಜಗಳ. ಅದು ಹುಟ್ಟಿದ್ದು ನಮ್ಮ ಸಿಟಿ ಸಿವಿಲ್ ಕೋರ್ಟಿನಲ್ಲೇ. ಇಲ್ಲಿ ಸಿಕ್ಕ ಇಂಜಂಕ್ಷನ್ ಹೈಕೋರ್ಟಿನಲ್ಲಿ ಬಿತ್ತು, 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ನಿಲ್ಲಿಸಿತು. ಡೊಮೈನ್ ಹೆಸರಿಗೆ ಅಂತ ಬೇರೆ ಕಾನೂನೇ ಇರಲಿಲ್ಲ. ಟ್ರೇಡ್‌ಮಾರ್ಕ್‌ನ ಹಳೆಯ ತತ್ವವನ್ನೇ ಕೋರ್ಟ್ ಹಿಗ್ಗಿಸಿತು.

ಕೀವರ್ಡ್ ಬಗ್ಗೆ ನೇರವಾಗಿ ಹೇಳಿದ್ದು ದೆಹಲಿ ಹೈಕೋರ್ಟ್, ಗೂಗಲ್ ಮತ್ತು ಡಿಆರ್‌ಎಸ್ ಎಂಬ ಸಾಗಣೆ ಕಂಪನಿಯ ನಡುವಿನ ಕೇಸಿನಲ್ಲಿ, 2023ರ ಆಗಸ್ಟ್‌ನಲ್ಲಿ. ಕೀವರ್ಡ್ ಆಗಿ ಬಳಸಿದರೂ ಬಳಕೆಯೇ, ಆದರೆ ಅಷ್ಟರಿಂದಲೇ ಉಲ್ಲಂಘನೆ ಆಗುವುದಿಲ್ಲ, ಗಿರಾಕಿಗೆ ಗೊಂದಲವಾಗುವಂಥದ್ದೇನಾದರೂ ಇರಬೇಕು ಅಂತ. ಅದೇ ಡಿಸೆಂಬರ್‌ನಲ್ಲಿ ಮೇಕ್‌ಮೈಟ್ರಿಪ್ ಕೇಸಿನಲ್ಲಿ ಗೊಂದಲವಿಲ್ಲ ಅಂತ ಬುಕಿಂಗ್ ಡಾಟ್ ಕಾಮ್ ಗೆದ್ದಿತು. ಎರಡನ್ನೂ ನಾನೇ ಕೋರ್ಟಿಗೆ ಕೊಟ್ಟೆ. ನಮಗೆ ಕಹಿಯಾದದ್ದನ್ನು ಎದುರಾಳಿ ವಕೀಲರು ಎತ್ತುವ ಮೊದಲು ನಾವೇ ಎತ್ತುವುದು ಒಳ್ಳೆಯದು. ಹೇಗೂ ದೆಹಲಿಯ ತೀರ್ಪು ಇಲ್ಲಿನ ಕೋರ್ಟನ್ನು ಕಟ್ಟಿಹಾಕುವುದಿಲ್ಲ, ಒಪ್ಪಿಸಬಹುದು ಅಷ್ಟೇ.

ಎದುರಾಳಿ ವಕೀಲರು ಕೇಳಿದರು: 'ಹೆಸರಾದ ಹೋಟೆಲ್ ಪಕ್ಕ ಇನ್ನೊಬ್ಬರು ಹೋಟೆಲ್ ಇಟ್ಟರೆ ತಪ್ಪಾ?' ಚೆನ್ನಾದ ಪ್ರಶ್ನೆ. 'ಇಡಲಿ ಸ್ವಾಮಿ, ಬೋರ್ಡಿನಲ್ಲಿ ನಮ್ಮ ಹೆಸರು ಬರೆಯದಿದ್ದರೆ ಸಾಕು' ಅಂದೆ.

ನಿಜವಾದ ಬೆವರು ಹರಿದದ್ದು ಸಾಕ್ಷ್ಯಕ್ಕೆ. ಜಾಹೀರಾತು ಊರಿಗೊಂದು, ಗಳಿಗೆಗೊಂದು ಥರ ಬರುತ್ತದೆ. ಸುಮ್ನೆ ಒಂದು ಸ್ಕ್ರೀನ್‌ಶಾಟ್ ಇಟ್ಟರೆ ನಡೆಯಲ್ಲ. ಬೇರೆ ಬೇರೆ ಫೋನುಗಳಲ್ಲಿ, ಇನ್‌ಕಾಗ್ನಿಟೋ ವಿಂಡೋದಲ್ಲಿ ಹುಡುಕಿ, ದಿನಾಂಕ, ಸಮಯ ಕಾಣುವ ಹಾಗೆ ವಿಡಿಯೋ ಮಾಡಿಸಿದೆ. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಫೈಲಿನ ಹ್ಯಾಶ್ ಮೌಲ್ಯ (ಫೈಲಿನ ಬೆರಳಚ್ಚಿನಂಥ ಸಂಕೇತ) ಬರೆದ ಸರ್ಟಿಫಿಕೇಟ್ ಬೇಕು. ಒಂದು ಭಾಗ ಪಕ್ಷಗಾರರದು, ಇನ್ನೊಂದು ತಜ್ಞರದು. ರೆಕಾರ್ಡ್ ಮಾಡಿದ ದಿನವೇ ಹ್ಯಾಶ್ ತೆಗೆಸಿಟ್ಟುಕೊಳ್ಳಿ. ಆ ಫೈಲು ವಾಟ್ಸ್ಯಾಪ್‌ನಲ್ಲಿ ಓಡಾಡಿ ಕುಗ್ಗಿದರೆ ಹ್ಯಾಶ್ ಬದಲಾಗುತ್ತದೆ.

ಇಷ್ಟಾದರೂ ಕೀವರ್ಡ್ ಏನು ಕೊಂಡಿದ್ದಾರೆ ಅನ್ನುವುದು ಹೊರಗಿನವರಿಗೆ ಗೊತ್ತಾಗಲ್ಲ. ಆ ಪಟ್ಟಿ ಇರುವುದು ಎದುರಾಳಿಯ ಗೂಗಲ್ ಆಡ್ಸ್ ಖಾತೆಯೊಳಗೆ. ಅದನ್ನು ಹಾಜರುಪಡಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆರ್ಡರ್ 11ರಲ್ಲಿ ಅರ್ಜಿ ಹಾಕಿದೆ. ಗೂಗಲ್ ಅನ್ನು ಪ್ರತಿವಾದಿ ಮಾಡಲಿಲ್ಲ. ಸಣ್ಣ ಕಕ್ಷಿದಾರರ ದುಡ್ಡು ಅದಕ್ಕೆ ಸಾಲಲ್ಲ ಅನ್ನುವುದು ನನ್ನ ಲೆಕ್ಕ.

ಪ್ರಾರ್ಥನೆಯನ್ನೂ, ಅಂದರೆ ಕೋರ್ಟಿಗೆ ಇಟ್ಟ ಕೋರಿಕೆಯನ್ನೂ, ಎರಡು ಮಾಡಿ ಬರೆದೆ. ತಲೆಬರಹದಲ್ಲಿ ಹೆಸರು ಬೇಡ ಅನ್ನುವುದು ಒಂದು, ಕೀವರ್ಡ್ ಕೊಳ್ಳುವುದೂ ಬೇಡ ಅನ್ನುವುದು ಇನ್ನೊಂದು. ಒಂದೇ ವಾಕ್ಯದಲ್ಲಿ ಎರಡನ್ನೂ ಕಟ್ಟಿದ್ದರೆ ಕಷ್ಟದ್ದು ಸುಲಭದ್ದನ್ನೂ ಮುಳುಗಿಸುತ್ತಿತ್ತು. ನ್ಯಾಯಾಧೀಶರು ಮೊದಲನೆಯದನ್ನು ಕೊಟ್ಟರು. ಎರಡನೆಯದನ್ನು ಸಾಕ್ಷ್ಯ ಬರಲಿ ಅಂತ ಇಟ್ಟುಕೊಂಡರು, ಖಾತೆಯ ಪಟ್ಟಿ ಹಾಜರುಪಡಿಸಲು ಆದೇಶಿಸಿದರು. ಕಕ್ಷಿದಾರರಿಗೆ ಅರ್ಧ ಗೆದ್ದ ಬೇಸರ. ನನಗಂತೂ ಆ ಪಟ್ಟಿಯೇ ಜಾಸ್ತಿ ಬೇಕಿತ್ತು.