ವಾದ್ಯಗೋಷ್ಠಿಯಲ್ಲಿ ಗಿಟಾರ್: ಗಾಯಕರ ಶ್ರುತಿ, ರಾಗಕ್ಕೊಪ್ಪುವ ಕಾರ್ಡ್, ವೇದಿಕೆಯ ಕರೆಂಟು

ಮದುವೆಯ ಆರತಕ್ಷತೆ, ಗಣೇಶೋತ್ಸವ, ನವೆಂಬರ್ ತಿಂಗಳಿಡೀ ನಡೆಯುವ ರಾಜ್ಯೋತ್ಸವ, ಸಂಕ್ರಾಂತಿಯ ನಂತರದ ಜಾತ್ರೆ, ಹೀಗೆ ವರ್ಷವಿಡೀ ರಸಮಂಜರಿ ಕಾರ್ಯಕ್ರಮ ಕೊಡುವ ವಾದ್ಯಗೋಷ್ಠಿಗಳಲ್ಲಿ ನಾನು ಬಹುಕಾಲದಿಂದ ಗಿಟಾರ್ ನುಡಿಸುತ್ತಿದ್ದೇನೆ. ಇಂತಹ ತಂಡಕ್ಕೆ ಗಿಟಾರ್ ವಾದಕ ಅನಿವಾರ್ಯನೇನಲ್ಲ. ನುರಿತ ಕೀಬೋರ್ಡ್ ವಾದಕರು ಇಬ್ಬರಿದ್ದರೆ ಪಿಟೀಲು, ಕೊಳಲು, ಬೇಸ್‌ಗಳ ಜೊತೆಗೆ ಗಿಟಾರಿನ ದನಿಯನ್ನೂ ಅವರೇ ತುಂಬಿಕೊಡಬಲ್ಲರು. ಹಾಗಿದ್ದರೂ ತಂಡದ ಮುಖ್ಯಸ್ಥರು ಮತ್ತೆ ಮತ್ತೆ ಕರೆಯುವುದು ಗಾಯಕರು ಯಾವ ಶ್ರುತಿ ಕೇಳಿದರೂ ತಡವರಿಸದೆ ನುಡಿಸುವವರನ್ನು. ವೇಗದ ಸೋಲೋಗಳ ಅಭ್ಯಾಸಕ್ಕಿಂತ ಈ ಒಂದು ಸಿದ್ಧತೆಯೇ ನನಗೆ ಹೆಚ್ಚು ಕಾರ್ಯಕ್ರಮಗಳನ್ನು ತಂದುಕೊಟ್ಟಿದೆ.

ಕೀಬೋರ್ಡಿಗೆ ಟ್ರಾನ್ಸ್‌ಪೋಸ್ ಗುಂಡಿಯಿದೆ, ಅದನ್ನು ಒತ್ತಿದರೆ ಬೆರಳುಗಳು ಅವೇ ಕೀಲಿಗಳ ಮೇಲಿದ್ದರೂ ಶ್ರುತಿ ಬದಲಾಗುತ್ತದೆ; ಗಿಟಾರಿಗೆ ಅದು ಇಲ್ಲ. ಧ್ವನಿಮುದ್ರಣದಲ್ಲಿ ಡಿ ಸ್ಕೇಲಿನಲ್ಲಿರುವ ಹಾಡನ್ನು ನಮ್ಮ ಗಾಯಕರು ಸಿ ಶಾರ್ಪ್‌ನಲ್ಲಿ ಹಾಡಬಹುದು; ಅಂದು ಗಂಟಲು ಕಟ್ಟಿದ್ದರೆ ಬಿ ಸ್ಕೇಲಿಗೂ ಇಳಿಯಬಹುದು. ಕರ್ನಾಟಕ ಸಂಗೀತ ಕಲಿತವರು ‘ಒಂದೂವರೆ ಮನೆ’ ಎನ್ನುತ್ತಾರೆ, ಧಾರವಾಡದ ಕಡೆ ಹಾರ್ಮೋನಿಯಂ ಜೊತೆ ಹಾಡಿದವರು ‘ಕರಿ ಒಂದು’ ಎನ್ನುತ್ತಾರೆ, ಕೀಬೋರ್ಡಿನವರು ‘ಸಿ ಶಾರ್ಪ್’ ಎನ್ನುತ್ತಾರೆ. ಮೂರೂ ಒಂದೇ ಸ್ಥಾನ. ಹಾಗೆಯೇ ಐದೂವರೆ, ಕರಿ ನಾಲ್ಕು, ಜಿ ಶಾರ್ಪ್ ಒಂದೇ. ಈ ಲೆಕ್ಕ ಬಾಯಿಪಾಠವಾಗಿದ್ದರೆ ವೇದಿಕೆಯ ಗದ್ದಲದಲ್ಲಿ ಮರುಪ್ರಶ್ನೆ ಕೇಳುವ ಪ್ರಸಂಗ ಬರುವುದಿಲ್ಲ. ಇನ್ನೊಂದು ಎಚ್ಚರಿಕೆಯೆಂದರೆ, ಕೀಬೋರ್ಡ್ ವಾದಕರ ಬೆರಳುಗಳನ್ನು ನೋಡಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಹಿಡಿಯಬಾರದು. ಅವರು ಟ್ರಾನ್ಸ್‌ಪೋಸ್ ಒತ್ತಿ ಸಿ ಕಾರ್ಡಿನ ಕೀಲಿಗಳನ್ನೇ ಒತ್ತುತ್ತಿದ್ದರೂ ಸ್ಪೀಕರಿನಿಂದ ಬರುತ್ತಿರುವುದು ಡಿ ಶಾರ್ಪ್ ಆಗಿರಬಹುದು.

ಆದ್ದರಿಂದ ನನ್ನ ಕಡತದಲ್ಲಿ ಯಾವ ಹಾಡಿಗೂ ಎ, ಡಿ, ಇ ಎಂದು ಕಾರ್ಡುಗಳ ಹೆಸರಿಲ್ಲ. ಷಡ್ಜದ ಕಾರ್ಡಿಗೆ ‘ಸ’, ಮಧ್ಯಮದ ಕಾರ್ಡಿಗೆ ‘ಮ’, ಪಂಚಮದ್ದಕ್ಕೆ ‘ಪ’ ಎಂದು ಬರೆದು, ಮೈನರ್ ಆದರೆ ಅಡಿಗೆರೆ ಎಳೆದಿರುತ್ತೇನೆ. ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಗಾಯಕರವಾರು ಶ್ರುತಿಯನ್ನು ಗುರುತಿಸಿರುತ್ತೇನೆ. ಶ್ರುತಿ ಬದಲಾದರೆ ಹಾಳೆ ಬದಲಾಗುವುದಿಲ್ಲ, ಕೇಪೊ (ಗಿಟಾರಿನ ಕತ್ತಿನ ಮೇಲೆ ಎಲ್ಲ ತಂತಿಗಳನ್ನೂ ಅದುಮಿ ಹಿಡಿಯುವ ಕ್ಲಿಪ್ಪು) ಮಾತ್ರ ಜಾಗ ಬದಲಿಸುತ್ತದೆ. ಸಿ ಶಾರ್ಪ್‌ಗೆ ಮೊದಲನೆಯ ಫ್ರೆಟ್ಟಿನಲ್ಲಿ (ಕತ್ತಿನ ಮೇಲಿನ ಅಡ್ಡಪಟ್ಟಿಯ ಮನೆ) ಕೇಪೊ ಹಾಕಿ ಸಿ ಸ್ಕೇಲಿನ ಕಾರ್ಡುಗಳ ಆಕಾರಗಳನ್ನು ಹಿಡಿಯಬಹುದು, ನಾಲ್ಕನೆಯದರಲ್ಲಿ ಹಾಕಿ ಎ ಆಕಾರಗಳನ್ನೂ ಹಿಡಿಯಬಹುದು. ಮಧುರವಾದ ನಿಧಾನಗತಿಯ ಹಾಡಿಗೆ ನಾಲ್ಕನೆಯ ಫ್ರೆಟ್ಟನ್ನೇ ನಾನು ಆರಿಸುತ್ತೇನೆ, ಏಕೆಂದರೆ ಅಲ್ಲಿ ಗಿಟಾರ್ ಮೇಲಿನ ಸ್ಥಾಯಿಗೆ ಸರಿದು, ಕೀಬೋರ್ಡಿನ ಎಡಗೈ ಬೇಸ್‌ಗೂ ಢೋಲಕ್ಕಿಗೂ ಕೆಳಗಿನ ಜಾಗ ಬಿಟ್ಟುಕೊಡುತ್ತದೆ. ಹಾಡಿನ ಗುರುತಾಗಿಬಿಟ್ಟಿರುವ ಗಿಟಾರ್ ಬಿಟ್‌ಗಳನ್ನು (ಚಿಕ್ಕ ವಾದ್ಯತುಣುಕುಗಳನ್ನು) ಮಾತ್ರ ಕೇಪೊ ಇಲ್ಲದೆಯೂ ಹನ್ನೆರಡೂ ಶ್ರುತಿಗಳಲ್ಲಿ ಅಭ್ಯಾಸ ಮಾಡಿಟ್ಟುಕೊಳ್ಳಬೇಕು. ಅಂತಹ ಬಿಟ್ ಒಂದು ಸ್ವರ ತಪ್ಪಿದರೂ ಸಭಿಕರಿಗೆ ತಿಳಿಯುತ್ತದೆ. ಅದರ ನಡುವೆ ನುಡಿಸಿದ ಎಷ್ಟೋ ಕಾರ್ಡುಗಳನ್ನು ಅವರು ಗಮನಿಸಿರುವುದೇ ಇಲ್ಲ.

ಪಾಶ್ಚಾತ್ಯ ಪಾಠಕ್ರಮದಲ್ಲಿ ಕಲಿತವರು ನಮ್ಮ ಚಿತ್ರಗೀತೆಗಳಲ್ಲಿ ಎಡವುವುದು ರಾಗದಲ್ಲಿ. ಕಲ್ಯಾಣಿ ರಾಗದಲ್ಲಿರುವುದು ಪ್ರತಿ ಮಧ್ಯಮ, ಅಂದರೆ ಅರ್ಧ ಸ್ವರ ಮೇಲಿನ ಮಧ್ಯಮ. ಷಡ್ಜ ಸಿ ಆಗಿದ್ದಾಗ ಅಭ್ಯಾಸಬಲದಿಂದ ಎಫ್ ಮೇಜರ್ ಹಿಡಿದರೆ ಗಾಯಕರ ಎಫ್ ಶಾರ್ಪ್‌ಗೆ ಅದು ನೇರವಾಗಿ ಬಡಿಯುತ್ತದೆ. ಡಿ ಮೇಜರ್ ಹಿಡಿದರೆ ಆ ಪ್ರತಿ ಮಧ್ಯಮವೇ ಕಾರ್ಡಿನ ಒಳಗಿರುವುದರಿಂದ ರಾಗ ಮತ್ತಷ್ಟು ಬೆಳಗುತ್ತದೆ. ಮಾಯಾಮಾಳವಗೌಳದಲ್ಲಿ ಶುದ್ಧ ಋಷಭ (ಷಡ್ಜ ಸಿ ಆದಾಗ ಸಿ ಶಾರ್ಪ್) ಇರುವುದರಿಂದ ವಾಡಿಕೆಯ ಜಿ ಮೇಜರ್ ಕೂಡುವುದಿಲ್ಲ, ಏಕೆಂದರೆ ಅದರಲ್ಲಿ ಡಿ ಸ್ವರವಿದೆ. ಅಲ್ಲಿ ಸಿ ಶಾರ್ಪ್ ಮೇಜರ್ ಕಾರ್ಡಿನ ಮೂರೂ ಸ್ವರಗಳು ರಾಗದೊಳಗೇ ಸಿಗುತ್ತವೆ. ಆಲಾಪದ ಭಾಗ ಬಂದಾಗ ನಾನು ಗಾಂಧಾರವನ್ನು ಬಿಟ್ಟು ಸ-ಪ ಮಾತ್ರ ಮೀಟುತ್ತೇನೆ. ಹಿಂದೋಳವಾದರೆ ಅದರಲ್ಲಿ ಪಂಚಮವೇ ಇಲ್ಲವಾದ್ದರಿಂದ ಸ-ಮ. ರಾಗದ ಹೆಸರು ಗೊತ್ತಿಲ್ಲದಿದ್ದಾಗ ತಬಲಾದವರನ್ನೋ ಹಿರಿಯ ಗಾಯಕರನ್ನೋ ಕೇಳುವುದರಲ್ಲಿ ಸಂಕೋಚ ಬೇಡ, ಅವರು ಸಂತೋಷದಿಂದಲೇ ಹೇಳಿಕೊಡುತ್ತಾರೆ.

ಲಯದ ವಿಷಯ ಬೇಗ ಮುಗಿಯುವಂಥದ್ದು. ತಬಲಾ, ಢೋಲಕ್, ರಿದಂ ಪ್ಯಾಡ್ ಮೂರೂ ಇರುವಾಗ ಗಿಟಾರ್ ಕೂಡ ಎಡೆಬಿಡದೆ ಸ್ಟ್ರಮ್ ಮಾಡಿದರೆ ಹಾಡಿನ ಮಾತು ಕೇಳಿಸುವುದಿಲ್ಲ. ಪಲ್ಲವಿಯಲ್ಲಿ ಅಂಗೈಯಿಂದ ತಂತಿ ಅದುಮಿ ಎಡಪೆಟ್ಟುಗಳನ್ನಷ್ಟೇ (ತಾಳದ ಮುಖ್ಯ ಪೆಟ್ಟುಗಳ ನಡುವೆ ಬೀಳುವವನ್ನು) ನುಡಿಸಿ, ಚರಣಕ್ಕೆ ತಂತಿಗಳನ್ನು ಬಿಡಿಸಿ ಮೀಟಿದರೆ ಸಾಕು. ದನಿಯ ಬಣ್ಣ ಬದಲಿಸುವ ಎಫೆಕ್ಟ್‌ಗಳಲ್ಲಿಯೂ ಕೋರಸ್, ಡಿಲೇ, ಹದವಾದ ಓವರ್‌ಡ್ರೈವ್ ಮೂರರ ಹೊರತಾಗಿ ನನಗೆ ಬೇರೆಯವು ಅಗತ್ಯವೆನಿಸಿಲ್ಲ.

ಸೌಂಡ್‌ನವರೊಡನೆ ವ್ಯವಹರಿಸುವುದು ಮಾತ್ರ ಬೇರೆಯದೇ ವಿದ್ಯೆ. ಮೈದಾನದ ಕಾರ್ಯಕ್ರಮಗಳಲ್ಲಿ ಮಿಕ್ಸರ್ ಬಹಳ ದೂರವಿರುತ್ತದೆ. ಗಿಟಾರಿನ ಸಾಮಾನ್ಯ ಕೇಬಲನ್ನು ಅಲ್ಲಿಯವರೆಗೆ ಎಳೆದರೆ ದನಿಯ ಹೊಳಪು ಹೋಗಿ, ದೀಪಗಳ ಡಿಮ್ಮರಿನ ಗುಂಯ್‌ಗುಡುವಿಕೆಯೂ ಸೇರಿಕೊಳ್ಳುತ್ತದೆ. ನಾನು ಐದಾರು ಮೀಟರಿನ ಕೇಬಲಿನಲ್ಲಿ ಎಫೆಕ್ಟ್ ಪ್ರೊಸೆಸರಿಗೆ ಕೊಟ್ಟು, ಅಲ್ಲಿಂದ ನನ್ನದೇ ಡಿ.ಐ. ಬಾಕ್ಸ್ (ಗಿಟಾರಿನ ಸಂಕೇತವನ್ನು ಮೈಕಿನ ಕೇಬಲಿಗೆ ಹೊಂದಿಸಿಕೊಡುವ ಪೆಟ್ಟಿಗೆ) ಮೂಲಕ ಮೈಕಿನ ಕೇಬಲಿಗೆ ಸೇರಿಸುತ್ತೇನೆ. ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕಡಿತಗೊಳಿಸಲು ವಿನಂತಿಸುತ್ತೇನೆ. ಒಂಟಿಯಾಗಿ ಕೇಳಿದರೆ ದನಿ ತೆಳುವೆನಿಸಿದರೂ ತಂಡದೊಳಗೆ ಅದೇ ಸರಿಯಾಗಿ ಕೂರುತ್ತದೆ.

ಕರೆಂಟಿನ ವಿಷಯದಲ್ಲಿ ಯಾರ ಮುಲಾಜನ್ನೂ ನೋಡಬಾರದು. ಗಿಟಾರಿನ ತಂತಿಗಳು ಸಾಮಾನ್ಯವಾಗಿ ಆಂಪ್ಲಿಫೈಯರಿನ ಅರ್ತಿಂಗ್‌ಗೆ ಸೇರಿರುತ್ತವೆ. ಮೈಕು ಮಿಕ್ಸರಿನ ಅರ್ತಿಂಗ್‌ಗೆ. ಒಂದು ಜನರೇಟರಿನಿಂದ, ಇನ್ನೊಂದು ಪಕ್ಕದ ಮನೆಯಿಂದ ಬಂದಿದ್ದು, ಎರಡರಲ್ಲೊಂದರ ಅರ್ತಿಂಗ್ ಕೆಟ್ಟಿದ್ದರೆ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದವರ ದೇಹವೇ ವೈರಾಗುತ್ತದೆ. 1972ರಲ್ಲಿ ವೇಲ್ಸ್ ದೇಶದ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವಿ ವೇದಿಕೆಯ ಮೇಲೆಯೇ ಮೈಕಿನಿಂದ ವಿದ್ಯುತ್ ತಗುಲಿ ತೀರಿಕೊಂಡರು. ಸೌಂಡ್ ಚೆಕ್‌ಗೆ ಮುನ್ನ ತಂತಿಗೂ ಮೈಕಿನ ಜಾಲರಿಗೂ ನಡುವೆ ಮಲ್ಟಿಮೀಟರ್ ಹಿಡಿದು ಎ.ಸಿ. ವೋಲ್ಟೇಜ್ ನೋಡುತ್ತೇನೆ. ಹತ್ತಾರು ವೋಲ್ಟ್ ತೋರಿಸಿದರೆ, ಎಲ್ಲವನ್ನೂ ಅರ್ತಿಂಗ್ ಇರುವ ಒಂದೇ ಬೋರ್ಡಿನಿಂದ ಕೊಡುವವರೆಗೆ ಯಾರೂ ಮೈಕು ಮುಟ್ಟಕೂಡದು. ಗುಂಯ್‌ಗುಡುವ ಸದ್ದು ನಿಲ್ಲಿಸಲು ಡಿ.ಐ. ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿ ಇದೆ. ಪ್ಲಗ್ಗಿನ ಅರ್ತ್ ಪಿನ್ ಮುರಿಯುವುದು ಪ್ರಾಣಕ್ಕೆ ಎರವಾಗುವ ಕೆಲಸ.

2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10 ಗಂಟೆಯ ನಂತರ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸರ್ಕಾರ ವಿಶೇಷ ದಿನಗಳಿಗೆ ವಿನಾಯಿತಿ ಕೊಟ್ಟಿದ್ದರೆ ಮಾತ್ರ 12ರವರೆಗೆ ಅವಕಾಶ. ಗಣ್ಯರ ಭಾಷಣ ಲಂಬಿಸಿ ನಮ್ಮ ಸಮಯ ಕರಗುವುದು ಮಾಮೂಲಿಯಾದ್ದರಿಂದ, ಬಿಟ್ಟುಬಿಡಬಹುದಾದ ಹಾಡುಗಳನ್ನು ಪಟ್ಟಿಯಲ್ಲಿ ಮೊದಲೇ ಗುರುತಿಸಿಟ್ಟುಕೊಂಡು, ಗಿಟಾರಿಗೆ ಪ್ರಾಮುಖ್ಯವಿರುವ ಹಾಡನ್ನು ಕೊನೆಗೆ ಇಡದಂತೆ ಮುಖ್ಯಸ್ಥರನ್ನು ಕೇಳಿಕೊಳ್ಳುತ್ತೇನೆ. ಹಾಡು ಕಡಿಮೆಯಾಯಿತೆಂದು ಸಂಭಾವನೆ ಕಡಿತವಾಗದು ಎಂಬ ಮಾತನ್ನು ಮುಂಗಡ ಪಡೆಯುವ ದಿನವೇ ಮುಖ್ಯಸ್ಥರೊಡನೆ ಆಡಿಕೊಂಡಿರುತ್ತೇನೆ. ಉಳಿದ ಹಣದ ಬಗ್ಗೆ ಸಂಘಟಕರ ಬಳಿ ಮಾತನಾಡುವುದು ಅವರೊಬ್ಬರೇ.